ಅಡುಗೆಮನೆಯ ಚಾಕು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಸೂಜಿ ಚುಚ್ಚುವುದು ಹೊಸದಲ್ಲ. ಮೇಲಿನ ವಾರ್ಡುಗಳಿಂದ ರಕ್ತ, ಕೀವು ಅಂಟಿದ ಹಾಸುಬಟ್ಟೆಗಳು ಗಂಟುಕಟ್ಟಿ ಬರುತ್ತವೆ. ಅವಸರದಲ್ಲಿ ಯಾರೋ ಬಿಟ್ಟ ಸೂಜಿಯೂ ಅದರೊಳಗೇ ಇರುತ್ತದೆ. ದಪ್ಪನೆಯ ಕೈಗವಸು ಕೇಳಿದರೆ ಮೇಸ್ತ್ರಿ, "ಮಹಾರಾಣಿಯರಿಗೆ ರೇಷ್ಮೆದು ತರಿಸ್ಲಾ?" ಎಂದು ಹಲ್ಲು ಕಿಸಿಯುತ್ತಾನೆ. ಚುಚ್ಚಿಸಿಕೊಂಡವರು ಡಾಕ್ಟರ ಮುಂದೆ ಹೇಳಬೇಕಾದ ಮಾತನ್ನೂ ಅವನೇ ಕಲಿಸಿದ್ದಾನೆ: ಅಡುಗೆಮನೆಯಲ್ಲಿ ಚಾಕು ತಾಗಿತು. ಸೂಜಿ ಎಂದವಳಿಗೆ ಮರುದಿನ ಕೆಲಸವಿಲ್ಲ. ಮೇಲಿನ ಡಾಕ್ಟರುಗಳಿಗೆ ಕೆಳಗಿನವರ ಮುಖ ಪರಿಚಯವೂ ಇಲ್ಲ.

ಆ ಹೆಂಗಸರಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಸೂಜಿ ಚುಚ್ಚಿದ ತಂಗಿಯನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದಾಗ ಅಕ್ಕನೂ ಆ ಪಾಠವನ್ನೇ ಒಪ್ಪಿಸಿದಳು. ಇಬ್ಬರೂ ಹದಿನಾಲ್ಕು ವರ್ಷ ಒಂದೇ ತೊಟ್ಟಿಯಲ್ಲಿ ಕೈ ಅದ್ದಿದವರು. ಈಗ ತಂಗಿಯ ಕೈ ಮೊಣಕೈವರೆಗೂ ಊದಿತ್ತು. ಬಾಯಲ್ಲಿ ಕೊಳವೆ, ಕುತ್ತಿಗೆಯಲ್ಲಿ ಕೊಳವೆ.

ಎರಡನೆಯ ದಿನ ಡಾಕ್ಟರಮ್ಮ ಅಕ್ಕನನ್ನು ಹೊರಗೆ ಕರೆದರು.

"ನಂಜು ರಕ್ತಕ್ಕೆ ಸೇರಿದೆ ಅಮ್ಮಾ. ಹೃದಯ ಸೋತಿದೆ. ರಕ್ತದೊತ್ತಡ ಬೀಳದ ಹಾಗೆ ಔಷಧಿ ಕೊಟ್ಟು ಹಿಡ್ಕೊಂಡಿದ್ದೀವಿ."

"ಅವಳ ಹೃದಯಕ್ಕೇನೂ ಆಗಿರ್ಲಿಲ್ಲ ಡಾಕ್ಟ್ರೇ. ಹೊರೆ ಹೊತ್ಕೊಂಡು ಮೆಟ್ಟಿಲು ಹತ್ತಿ ಓಡ್ತಿದ್ಲು."

"ನಂಜು ಇಳಿದ್ರೆ ಹೃದಯ ಮತ್ತೆ ಸುಧಾರಿಸ್ಕೋಬಹುದು. ಆದ್ರೆ ಈ ಔಷಧಿಗೆ ನಂಜು ಬಗ್ತಿಲ್ಲ. ಮನೆ ಚಾಕುವಿನ ಗಾಯ ಇಷ್ಟು ಹಟ ಮಾಡಲ್ಲ. ನಿಜ ಹೇಳಿ, ಏನು ತಾಗಿದ್ದು?"

ಅಕ್ಕ ತಿರುಗಿ ನೋಡಿದಳು. ಮೆಟ್ಟಿಲ ಬಳಿ ನಿಂತ ಮೇಸ್ತ್ರಿ ಕಣ್ಣಲ್ಲೇ ಹೆದರಿಸುತ್ತಿದ್ದ. ಹಾಳಾದ ಕೆಲಸ, ಹೋದರೆ ಹೋಗಲಿ.

"ಸೂಜಿ, ಡಾಕ್ಟ್ರೇ! ನಾವು ಕೆಳಗೆ ಬಟ್ಟೆ ಒಗೆಯೋರು. ನಿಮ್ಮ ಇದೇ ವಾರ್ಡಿನ ಬಟ್ಟೇಲಿದ್ದ ಸೂಜಿ. ಚಾಕು ಅಂತ ಸುಳ್ಳು ಹೇಳ್ದೆ. ನನ್ನ ಬಾಯಿಗೆ ಹುಳ ಬೀಳ!"

ಡಾಕ್ಟರಮ್ಮನ ಮುಖ ಬಿಳಿಚಿತು. "ಆಸ್ಪತ್ರೆಯ ನಂಜಿಗೆ ಔಷಧಿಯೇ ಬೇರೆ ಅಮ್ಮಾ. ಮೊದಲ ದಿನವೇ ಹೇಳಬಾರದಿತ್ತಾ?" ಎನ್ನುತ್ತಾ ಒಳಗೆ ಓಡಿದರು.

ಹೊಸ ಔಷಧಿ ಏರಿಸಿದರು. ಅದು ಕೆಲಸ ಮಾಡುವವರೆಗೆ ಹೃದಯ ಕಾಯಲಿಲ್ಲ. ಸಂಜೆಯ ಹೊತ್ತಿಗೆ ತಂಗಿ ಹೋಗಿಬಿಟ್ಟಳು.

"ನಾನೇ ಕೊಂದೆ" ಎಂದು ಅಕ್ಕ ಎದೆ ಬಡಿದುಕೊಂಡಳು. ಅವಳೊಬ್ಬಳೇ ಕೊಂದಳೇ? ಆ ಸುಳ್ಳನ್ನು ಬಾಯಿಪಾಠ ಮಾಡಿಸಿದವನು ಅಂದೂ ಸರಿಯಾದ ಹೊತ್ತಿಗೆ ಮನೆಗೆ ಹೋಗಿ ಉಂಡ.

ಮೂರು ದಿನ ಬಿಟ್ಟು, ಕೆಲಸ ಉಳಿದಿಲ್ಲವೆಂದು ಗೊತ್ತಿದ್ದೂ ಅಕ್ಕ ನೆಲಮಾಳಿಗೆಗೆ ಇಳಿದಾಗ ಗಂಟುಗಳು ಬಂದು ಬಿದ್ದಿದ್ದವು. ಒಬ್ಬಳೂ ಮುಟ್ಟಿರಲಿಲ್ಲ. ಒಗೆಯುವ ಯಂತ್ರಗಳು ನಿಂತಿದ್ದವು.

"ಏನು, ಎಲ್ಲರ ಕೈಗೂ ಲಕ್ವ ಹೊಡೀತಾ?" ಮೇಸ್ತ್ರಿ ಅರಚಿದ.

ಅಕ್ಕ ಒಂದು ಗಂಟನ್ನು ಎಳೆದು ತಂದು ಅವನ ಕಾಲ ಬಳಿ ಹಾಕಿದಳು. ಅವಳ ಕಣ್ಣಲ್ಲಿ ನೀರು ಇನ್ನೂ ಸುರಿಯುತ್ತಿತ್ತು.

"ಚಾಕು ಇರೋದು ನಮ್ಮ ಅಡುಗೆಮನೇಲಿ ತಾನೇ? ಇದರಲ್ಲೇನೂ ಇಲ್ವಲ್ಲ. ನೀವೇ ಕೈ ಹಾಕಿ ಬಿಚ್ಚಿ, ಸ್ವಾಮಿ."

ಹೆಂಗಸರೆಲ್ಲ ಸುತ್ತ ಬಂದು ನಿಂತರು. ಮೇಸ್ತ್ರಿ ಗಂಟನ್ನು ನೋಡಿದ. ಅವರ ಮುಖಗಳನ್ನು ನೋಡಿದ. ಎರಡೂ ಕೈಗಳನ್ನು ಜೇಬಿನೊಳಗೆ ಇಟ್ಟುಕೊಂಡ.