ಮೂರು ಬೆರಳಿನ ಸೌದಾ

ಕಾಗವಾಡದ ಖೋಕಾ ಕಾರಖಾನೆಯಲ್ಲಿ ನಾವು ಬಾಯಲ್ಲಿ ಮೊಳೆ ಇಟ್ಟುಕೊಂಡು ದುಡಿದವರು. ದ್ರಾಕ್ಷಿ ತುಂಬುವ ಮರದ ಪೆಟ್ಟಿಗೆಗೆ ನಮ್ಮ ಕಡೆ ಖೋಕಾ ಅನ್ನುತ್ತಾರೆ. ಎಡಗೈಯಲ್ಲಿ ಹಲಗೆ, ಬಲಗೈಯಲ್ಲಿ ಸುತ್ತಿಗೆ, ತುಟಿಗಳ ನಡುವೆ ಒಂದಿಷ್ಟು ಮೊಳೆ. ಎರಡು ಕೈಯೂ ಕೆಲಸದಲ್ಲಿದ್ದರೆ ಮೊಳೆ ಇಡುವುದೆಲ್ಲಿ? ಸುಗ್ಗಿಯಲ್ಲಿ ದಿನವಿಡೀ ಖೋಕಾ ಹೊಡೆದು ಮನೆಗೆ ಹೋದರೆ ತಿಂದ ರೊಟ್ಟಿಯೂ ಕಬ್ಬಿಣದ ರುಚಿ ಕೊಡುತ್ತಿತ್ತು. ಬಾಯಲ್ಲಿ ಮೊಳೆ ಇದ್ದವರು ಮಾತಾಡುವುದಿಲ್ಲ. ಮಾಲೀಕರಾದ ಧನಪಾಲ ಸಾವಕಾರರಿಗೆ ನಮ್ಮಲ್ಲಿ ಬಹಳ ಹಿಡಿಸಿದ ಗುಣ ಅದೊಂದೇ.

ಸಾವಕಾರರು ಮೆತ್ತಗಿನ ಮನುಷ್ಯರು. ಯಾರನ್ನೂ ಬೈದವರಲ್ಲ. ಯಾರ ಮೇಲೂ ಕೈ ಎತ್ತಿದವರಲ್ಲ. ಯಾರಿಗೂ ಪೂರ್ತಿ ಪಗಾರ ಕೊಟ್ಟವರೂ ಅಲ್ಲ.

ಎಂಬತ್ತೊಂಬತ್ತರ ಸುಗ್ಗಿಗೆ ಊರಿಗೆ ರಟ್ಟಿನ ಡಬ್ಬಿ ಬಂತು. ಹಗುರ, ಮೇಲೆ ದ್ರಾಕ್ಷಿ ಗೊಂಚಲಿನ ಬಣ್ಣದ ಚಿತ್ರ. ತೋಟದವರೆಲ್ಲ ಅದಕ್ಕೇ ಮುಗಿಬಿದ್ದರು, ಖೋಕಾ ಯಾರಿಗೂ ಬೇಡವಾಯಿತು. ಸಾವಕಾರರು ನಮ್ಮನ್ನೆಲ್ಲ ಕರೆದು ಕೈ ಮುಗಿದರು.

"ಏನ್ ಮಾಡೂದ್ರೆಪಾ, ಕಾಲ ಕೆಟ್ಟೈತಿ. ನಾಳಿಂದ ಯಾರೂ ಬರಬ್ಯಾಡ್ರಿ."

ಕಾಲ ಕೆಟ್ಟಿದ್ದು ನಿಜ. ಅದೇ ವಾರ ಅವರ ಅಂಗಳಕ್ಕೆ ಹೊಸ ಜೀಪು ಬಂದು ನಿಂತಿತು. ಅದನ್ನೂ ಆ ಕೆಟ್ಟ ಕಾಲವೇ ಕಳಿಸಿರಬೇಕು.

ನಮ್ಮೊಳಗೆ ಮಷೀನಿನ ಕೆಲಸ ಬಲ್ಲವನು ಮಾಯಪ್ಪ. ನಮ್ಮ ಕೇರಿಯವನೇ, ಕೇರಿಯ ಬುದ್ಧವಿಹಾರಕ್ಕೆ ಬಾಗಿಲು ಮಾಡಿಕೊಟ್ಟವನು. ಕಾರಖಾನೆಯಲ್ಲಿ ಒರಟು ಹಲಗೆಯನ್ನು ಕೆತ್ತಿ ನುಣುಪು ಮಾಡುವ ರಂದಾ ಮಷೀನು ಅವನ ಪಾಲಿನದು. ಅದರ ಬ್ಲೇಡಿನ ಮೇಲೆ ಮೊದಲು ಒಂದು ತಗಡಿನ ಮುಚ್ಚಳ ಇತ್ತು. ಮುಚ್ಚಳ ಇದ್ದರೆ ಕೆಲಸ ತಡವಾಗುತ್ತದೆ ಎಂದು ಸಾವಕಾರರೇ ಅದನ್ನು ಬಿಚ್ಚಿಸಿ, ಆಡು ಬಾಯಿ ಹಾಕದಂತೆ ತೋಟದ ಒಂದು ಎಳೆ ಬಳ್ಳಿಗೆ ಮರೆ ಇಡಿಸಿದ್ದರು. ಬಳ್ಳಿ ಚೆನ್ನಾಗಿ ಬೆಳೆಯಿತು. ಒಂದು ಸುಗ್ಗಿಯಲ್ಲಿ ಮಾಯಪ್ಪನ ಬಲಗೈಯ ಕಿರುಬೆರಳು, ಉಂಗುರಬೆರಳು ಎರಡೂ ಹಲಗೆಯ ಸಂಗಡ ನುಣುಪಾಗಿ ಹೋದವು.

ಮಿರಜದ ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದವನಿಗೆ ಸಾವಕಾರರು ಚಹಾ ಕುಡಿಸಿದರು. ಚಹಾ ಮುಗಿದ ಮೇಲೆ ಪಗಾರ ಇಳಿಸಿದರು.

"ಕೈ ಪೂರಾ ಇಲ್ಲ ಮಾಯಪ್ಪಾ. ಕೈ ಪೂರಾ ಇಲ್ಲಂದ್ರ ಪಗಾರ ಪೂರಾ ಹೆಂಗ್ ಕೊಡೂದು? ನ್ಯಾಯ ಅನ್ನೂದ್ ಒಂದ್ ಐತೆಲ್ಲೋ. ಐದರಾಗ ಮೂರ ಉಳದಾವ. ಮೂರ ಪಾಲ ತೊಗೊ."

ಎಂಥ ನ್ಯಾಯವಂತರು ನೋಡಿ! ಎಡಗೈಯ ಐದು ಬೆರಳು ಅವರ ಲೆಕ್ಕಕ್ಕೆ ಬರಲೇ ಇಲ್ಲ. ಮಾಯಪ್ಪನ ಬಾಯಲ್ಲಿ ಆಗ ಮೊಳೆ ಇರಲಿಲ್ಲ, ಆದರೂ ಅವನು ಮಾತಾಡಲಿಲ್ಲ. ಮನೆಯಲ್ಲಿ ಮಕ್ಕಳಿದ್ದವು. ಆವತ್ತಿನಿಂದ ಕಾರಖಾನೆ ಮುಚ್ಚುವ ದಿನದವರೆಗೂ ಅವನಿಗೆ ಸಿಕ್ಕಿದ್ದು ಮೂರು ಬೆರಳಿನ ಪಗಾರ.

ಕಾರಖಾನೆ ಮುಚ್ಚಿದ ಮೇಲೆ ನಮ್ಮ ಮುಂದೆ ಇದ್ದದ್ದು ಒಂದೇ ದಾರಿ. ಮಕ್ಕಳು ಮರಿ ಕಟ್ಟಿಕೊಂಡು ಕಬ್ಬು ಕಡಿಯುವ ಟೋಳಿಯ ಜೊತೆ ಊರು ಬಿಡುವುದು. ಬೇರೆ ದಾರಿ ತೋರಿಸಿದವಳು ಅಕ್ಕುತಾಯಿ. ಮೊಳೆ ಹೊಡೆಯುವ ಹೆಂಗಸರಲ್ಲಿ ಹಿರಿಯಳು, ನಾಲಿಗೆ ಹರಿತ.

"ಸಾವಕಾರ್ರು ಮಶೀನೆಲ್ಲಾ ಮಾರಾಕತ್ತಾರಂತ. ಆ ರಂದಾ ಮಶೀನ ನಾವ ತೊಗೊಳ್ಳೂಣು. ಮಾಯಪ್ಪ ಅದನ್ನ ನಡಸ್ತಾನ, ನಾವೆಲ್ಲಾ ಕೂಡಿ ಬಾಗಲಾ ಕಿಟಕಿ ಮಾಡೂಣು. ದ್ರಾಕ್ಷಿಗೆ ರಟ್ಟಿನ ಡಬ್ಬಿ ನಡೀತೈತಿ, ಮನಿಗೆ ರಟ್ಟಿನ ಬಾಗಲಾ ನಡೀತೈತೇನು?"

ಹೆಂಗಸರು ಭಿಶಿ ಚೀಟಿ ಹಾಕಿ ಕೂಡಿಸಿದ್ದ ದುಡ್ಡು ತೆಗೆದರು. ಅಕ್ಕುತಾಯಿ ತನ್ನ ಎಮ್ಮೆ ಮಾರಿದಳು. ಮಾಯಪ್ಪ ಮಿರಜಕ್ಕೆ ಹೋಗಿ ಹಳೆ ಮಷೀನು ಮಾರುವವರನ್ನೆಲ್ಲ ವಿಚಾರಿಸಿ ಬಂದ. ಅಷ್ಟು ಹಳೆಯ ರಂದಾ ಮಷೀನಿಗೆ ವಾಜವಿ, ಅಂದರೆ ತಕ್ಕ ರೇಟು ಮೂರು ಸಾವಿರ ಎಂದು ಎಲ್ಲರೂ ಹೇಳಿದ್ದರು. ನಮ್ಮಲ್ಲಿ ಇದ್ದದ್ದೂ ಅಷ್ಟೇ. ಮೂರಕ್ಕೆ ಬಂದರೆ ನಮ್ಮದೇ ಕಾರಖಾನೆ. ಇಲ್ಲವಾದರೆ ಕಬ್ಬಿನ ಗದ್ದೆ.

ಖೋಕಾ ಬಿಟ್ಟರೆ ಸಾವಕಾರರು ತಮ್ಮ ಜನ್ಮದಲ್ಲಿ ಮಾರಿದ್ದು ದ್ರಾಕ್ಷಿ ಮತ್ತು ಎತ್ತು. ಮಷೀನನ್ನೂ ಎತ್ತಿನ ಹಾಗೇ ಮಾರಲು ನಿಂತರು. ತುಕ್ಕಿನ ಮೇಲೆ ಹಸಿರು ಬಣ್ಣ ಬಳಿಸಿದ್ದರು, ಅರಿಶಿನ ಕುಂಕುಮ ಹಚ್ಚಿಸಿದ್ದರು. ಕೋಡು ಇದ್ದಿದ್ದರೆ ಅದಕ್ಕೂ ಗೊಂಡೆ ಕಟ್ಟಿಸುತ್ತಿದ್ದರೋ ಏನೋ. ವ್ಯಾಪಾರ ಕುದುರಿಸಲು ದನದ ಸಂತೆಯ ದಲಾಲಿ ಅಣ್ಣಾಸಾಬನೇ ಬಂದಿದ್ದ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ಹೆಗಲ ಮೇಲಿನ ಟಾವೆಲ್ ಹಾಸಿ, ಅದರ ಕೆಳಗೆ ಗಿರಾಕಿಯ ಕೈ ಹಿಡಿಯುತ್ತಾನೆ. ಎರಡು ಬೆರಳು ಹಿಡಿದರೆ ಎರಡು ಸಾವಿರ. ಮೂರು ಹಿಡಿದರೆ ಮೂರು. ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಟಾವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಒಬ್ಬನಿಗೆ ಕೊಟ್ಟ ಬೆಲೆ ಇನ್ನೊಬ್ಬನಿಗೆ ಗೊತ್ತಾಗುವುದಿಲ್ಲ. ಇದು ದೊಡ್ಡವರ ಮರ್ಯಾದೆಯ ಪದ್ಧತಿ ಅಂತೆ. ಮರ್ಯಾದೆ ಇದ್ದಲ್ಲಿ ಮುಚ್ಚಲು ಬಟ್ಟೆಯೂ ಬೇಕಾಗುತ್ತದೆ.

ಮೊದಲು ಅಥಣಿಯ ಫರ್ನಿಚರ್ ಅಂಗಡಿಯ ವಿರುಪಾಕ್ಷಪ್ಪನವರ ಸರದಿ. ಅಣ್ಣಾಸಾಬ ಟಾವೆಲ್ಲಿನ ಕೆಳಗೆ ಅವರ ಕೈಯನ್ನು ಬರಿಗೈಯಲ್ಲಿ ಹಿಡಿದು, ನೆಂಟರ ಕೈ ಹಿಡಿದಂತೆ ಹಿಚುಕಿದ. ಅವರು ದೊಡ್ಡ ಕಟಿಂಗ್ ಮಷೀನು ಕೊಂಡರು. ರಂದಾ ಮಷೀನಿಗೂ ಒಮ್ಮೆ ಟಾವೆಲ್ ಅಲುಗಾಡಿತು, ಅವರು ತಲೆಯಾಡಿಸಿ ಬೇಡವೆಂದರು. ಕಟಿಂಗ್ ಮಷೀನನ್ನು ನಮ್ಮ ಕೇರಿಯ ಜಕ್ಕಪ್ಪ ಮತ್ತು ಅವನ ಜೊತೆಯ ಹಮಾಲರು ಅವರ ಲಾರಿಗೆ ಏರಿಸಿದರು.

ಆಮೇಲೆ ಮಾಯಪ್ಪ. ಅಣ್ಣಾಸಾಬ ಟಾವೆಲ್ಲಿನ ಒಂದು ತುದಿಯನ್ನು ತನ್ನ ಅಂಗೈಗೆ ಎರಡು ಸುತ್ತು ಸುತ್ತಿಕೊಂಡ. ನಮ್ಮವರ ಕೈ ಮುಟ್ಟಬಾರದು, ದಲಾಲಿಯ ದುಡ್ಡನ್ನೂ ಬಿಡಬಾರದು. ಪಾಪ, ಎರಡನ್ನೂ ಉಳಿಸಿಕೊಳ್ಳಲು ಅವನೂ ಎಷ್ಟು ಕಷ್ಟಪಡಬೇಕು!

ಟಾವೆಲ್ ಅಲುಗಾಡಿತು. ಮಾಯಪ್ಪನ ಮುಖ ಅರಳಿತು. ನಮ್ಮ ಕಡೆ ತಿರುಗಿ ಹೂಂ ಎಂದು ತಲೆಯಾಡಿಸಿದ.

"ಪಕ್ಕಾ?" ಎಂದ ಅಣ್ಣಾಸಾಬ.

"ಪಕ್ಕಾ ರೀ."

"ಇಸಾರ ಕೊಡ್ರಿ ಮತ್ತ."

ಇಸಾರ ಅಂದರೆ ಮುಂಗಡ. ಅಕ್ಕುತಾಯಿ ಸೆರಗಿನ ಗಂಟು ಬಿಚ್ಚಿ ಒಂದು ಸಾವಿರ ಕೊಟ್ಟಳು. ಅಣ್ಣಾಸಾಬ ಅದನ್ನು ಸಾವಕಾರರ ಕೈಗಿಟ್ಟು "ಸೌದಾ ಝಾಲಾ!" ಎಂದು ಕೂಗಿದ. ವ್ಯಾಪಾರ ಕುದುರಿತು ಅಂತ. ಹೆಂಗಸರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ನನಗಂತೂ ಕಣ್ಣಲ್ಲಿ ನೀರು ಬಂತು. ನಮ್ಮ ಏಳು ತಲೆಮಾರಿನಲ್ಲಿ ಯಾರೂ ಮಷೀನು ಕೊಂಡವರಲ್ಲ.

"ಉಳದ ನಾಕ ಸಾವಿರ ಇಟ್ಟ ಮಶೀನ ಒಯ್ರಿ" ಎಂದರು ಸಾವಕಾರರು.

ಮಾಯಪ್ಪ ನಕ್ಕ. ಸಾವಕಾರರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡ. "ನಾಕ ಎಲ್ಲಿದ್ರಿ? ಎರಡಲ್ರಿ?"

"ಐದಕ್ಕ ಸೌದಾ ಆಗೈತಿ. ಒಂದ ಬಂತು. ನಾಕ ಉಳೀತು."

"ಮೂರಕ್ಕರೀ! ಅಣ್ಣಾಸಾಬ್ರು ನನ್ನ ಮೂರ ಬೆರಳ ಹಿಡದಾರ."

"ಏ, ಪೂರಾ ಕೈ ಹಿಡದೀನಿ" ಎಂದ ಅಣ್ಣಾಸಾಬ. "ಪೂರಾ ಕೈ ಅಂದ್ರ ಐದು. ಸಣ್ಣ ಹುಡುಗೂರಿಗೂ ಗೊತ್ತೈತಿ."

ಮಾಯಪ್ಪ ಬಲಗೈಯನ್ನು ಎತ್ತಿ ಹಿಡಿದ. "ಪೂರಾ ಹಿಡದ್ರೂ ಇದರಾಗ ಇರೂದ ಮೂರಲ್ರಿ ಯಪ್ಪಾ!"

"ಬಟ್ಟಿ ಮ್ಯಾಲಿಂದ ಹಿಡದ್ನಿ. ಒಳಗ ಎಷ್ಟ ಅದಾವಂತ ನನಗೇನ್ ಕಾಣಸ್ತೈತಿ? ಬರಿಗೈಲೆ ಹಿಡಿಯಾಕ ಬರೂದಿಲ್ಲ, ಅದು ನಿನಗೂ ಗೊತ್ತೈತಿ."

ಸಾವಕಾರರು ಎಂದಿನ ಮೆತ್ತಗಿನ ದನಿಯಲ್ಲಿ ತೀರ್ಪು ಕೊಟ್ಟರು. "ನೋಡ ಮಾಯಪ್ಪಾ, ಟಾವೆಲ್ಲಿನ ಮಾತು ದೇವರ ಮಾತ ಇದ್ದಂಗ. ತಿರುಗಸಾಕ ಬರೂದಿಲ್ಲ. ನಿನಗ ಬೆರಳ ಕಮ್ಮಿ ಇದ್ರ ಅದಕ್ಕ ಪದ್ಧತಿ ಏನ್ ಮಾಡ್ತೈತಿ? ಐದಕ್ಕ ಆಗೂದಿಲ್ಲಂದ್ರ ಬಿಡು. ಇಸಾರ ಮಾತ್ರ ತಿರುಗಿ ಕೇಳಬ್ಯಾಡ, ಅದೂ ಪದ್ಧತೀನ. ಮಶೀನ ವಿರುಪಾಕ್ಷಪ್ಪನವ್ರು ಒಯ್ತಾರ."

ಲಾರಿ ಹತ್ತಲು ಹೊರಟಿದ್ದ ವಿರುಪಾಕ್ಷಪ್ಪನವರು ಗಾಬರಿಯಾಗಿ ತಿರುಗಿದರು. "ನನಗ ಐದಕ್ಕ ಬ್ಯಾಡ್ರೆಪಾ! ಆಗಳೆ ಟಾವೆಲ್ದಾಗ ಮೂರ ಹಿಡದಿದ್ರಲ್ಲ, ಆ ಮೂರಕ್ಕಂದ್ರ ನೋಡ್ತೀನಿ."

ಪಾಪದ ಮನುಷ್ಯ, ಟಾವೆಲ್ಲಿನ ಒಳಗಿನದನ್ನು ಹೊರಗೆ ಆಡಬಾರದು ಎಂಬುದು ಆ ಗಡಿಬಿಡಿಯಲ್ಲಿ ಅವರಿಗೆ ನೆನಪಾಗಲಿಲ್ಲ.

"ನಿಮಗ ಮೂರ, ಅದು ಬ್ಯಾರೆ" ಎಂದರು ಸಾವಕಾರರು. "ನೀವು ನಮ್ಮ ಮಂದಿ."

ಅಕ್ಕುತಾಯಿ ಸೆರಗು ಬಿಗಿದು ಮುಂದೆ ಬಂದಳು.

"ಸಾವಕಾರ್ರ, ಒಂದ ಮಾತ ಹೇಳ್ರಿ. ಪಗಾರ ಕೊಡುವಾಗ ಮಾಯಪ್ಪನ ಕೈಗೆ ಎಷ್ಟ ಬೆರಳ ಇದ್ವು?"

"ಸುಮ್ನ ನಿಂದರಬೇ ಅಕ್ಕುತಾಯಿ. ಇದು ವ್ಯವಹಾರ."

"ನಾನೂ ವ್ಯವಹಾರಾನ ಕೇಳಾಕತ್ತೀನ್ರಿ. ಕೈ ಪೂರಾ ಇಲ್ಲ, ಮೂರ ಪಾಲ ತೊಗೊ ಅಂದವ್ರು ನೀವ. ವರ್ಷಗಟ್ಟಲೆ ಮೂರ ಪಾಲ ಕೊಟ್ರಿ. ಇವತ್ತ ನೀವು ತೊಗೊಳ್ಳುವಾಗ ಅದ ಕೈಯಾಗ ಐದ ಹೆಂಗ ಆದ್ವು? ರಾತ್ರೋರಾತ್ರಿ ಎರಡ ಬೆರಳ ಚಿಗತ್ವೇನ್ರಿ? ಅದೇನ ನಿಮ್ಮ ದ್ರಾಕ್ಷಿ ಬಳ್ಳಿ ಏನ್ರಿ?"

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಆ ಅಂಗಳದಲ್ಲಿ ಸಾವಕಾರರನ್ನು ಆಡಿಕೊಂಡು ಯಾರಾದರೂ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಾವಕಾರರ ದನಿಯ ಮೆತ್ತಗಿನ ಪದರು ಅಲ್ಲಿಗೆ ಕಿತ್ತುಹೋಯಿತು.

"ಲೇ ಜಕ್ಕಪ್ಪಾ! ಏನ್ ನೋಡ್ಕೋತ ನಿಂತೀಯೋ? ಏರಸ್ರಿ ಮಶೀನ ಲಾರಿಗೆ!"

ಜಕ್ಕಪ್ಪ ಮಷೀನಿನ ಹತ್ತಿರ ಬಂದ. ಬಗ್ಗಿದ. ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ. ಕಿರುಬೆರಳು, ಉಂಗುರಬೆರಳು ಮಡಚಿ, ಕೈಯನ್ನು ಸಾವಕಾರರ ಕಡೆ ಎತ್ತಿ ಹಿಡಿದ.

"ಮೂರ ಬೆರಳಾಗ ಇಷ್ಟ ಭಾರ ಏಳೂದಿಲ್ರಿ, ಮಾಲಕರ."

ಅವನ ಹಿಂದಿದ್ದ ಹಮಾಲರೂ ಎರಡೆರಡು ಬೆರಳು ಮಡಚಿದರು. ಅಕ್ಕುತಾಯಿ ಮಡಚಿದಳು, ಹೆಂಗಸರೆಲ್ಲ ಮಡಚಿದರು. ನಾನೂ ಮಡಚಿದೆ. ಮಡಚಿದಾಗಲೇ ನನಗೆ ತಿಳಿದದ್ದು, ಅಷ್ಟು ವರ್ಷ ಮಾಯಪ್ಪ ಹಲಗೆಯನ್ನು ಎಷ್ಟು ಕಷ್ಟದಿಂದ ಹಿಡಿದಿರಬೇಕು ಎಂದು. ಸಾಂಗ್ಲಿ ಕಡೆಯ ಲಾರಿ ಡ್ರೈವರನೂ ಕಿಟಕಿಯಿಂದ ಮೂರು ಬೆರಳು ಹೊರಗೆ ಚಾಚಿ, "ಮಾಝೀ ಪಣ್ ತೀನಚ್" ಎಂದ. ನನ್ನವೂ ಮೂರೇ ಅಂತ.

"ನನಗ ಈ ಜಗಳದ ಮಾಲ ಬ್ಯಾಡ್ರಿ" ಎಂದು ವಿರುಪಾಕ್ಷಪ್ಪನವರು ಲಾರಿ ಹತ್ತಿ ಕದ ಎಳೆದುಕೊಂಡರು. ಲಾರಿ ಅಥಣಿಯ ದಾರಿ ಹಿಡಿಯಿತು.

ಆಗ ಸಾವಕಾರರು ಸ್ವತಃ ಬಂದು ಮಷೀನಿಗೆ ಕೈ ಹಚ್ಚಿದರು. ಎರಡೂ ಕೈ, ಹತ್ತೂ ಬೆರಳು. ಒಮ್ಮೆ ನೂಕಿದರು. ಅಣ್ಣಾಸಾಬನನ್ನು ಕರೆದು ಇಬ್ಬರೂ ಸೇರಿ ನೂಕಿದರು. ಬೀಡುಕಬ್ಬಿಣದ ಮಷೀನು, ಅದಕ್ಕೆ ಯಾರ ಕೈ ಯಾರದೆಂದು ಏನು ಗೊತ್ತು? ಮಿಸುಕಲಿಲ್ಲ. ಒಣಗದ ಹಸಿರು ಬಣ್ಣ ಮಾತ್ರ ಸಾವಕಾರರ ಅಂಗೈಗೆ ಚೆನ್ನಾಗಿ ಮೆತ್ತಿಕೊಂಡಿತು.

ಊರೊಳಗೆ ಬೇರೆ ಹಮಾಲರಿಲ್ಲ. ಲಾರಿಯೂ ಹೋಗಿತ್ತು. ಸಾವಕಾರರು ನೆಲ ನೋಡುತ್ತ ಏನೋ ಗೊಣಗಿದರು.

"ಕೇಳಸಲಿಲ್ರಿ" ಎಂದಳು ಅಕ್ಕುತಾಯಿ.

"ಮೂರು."

"ಹಿಂದ ನಿಂತವ್ರಿಗೆ ಕೇಳಸಲಿಲ್ಲಂತ್ರಿ."

"ಮೂರ ಸಾವಿರ! ಒಯ್ದ ಸಾಯ್ರಿ!"

ಟಾವೆಲ್ ಇಲ್ಲದೆ, ಎಲ್ಲರ ಎದುರು, ಬಾಯಿಮಾತಿನಲ್ಲೇ ಬೆಲೆ ನಿಕ್ಕಿಯಾದದ್ದು ಆ ಅಂಗಳದಲ್ಲಿ ಅದೇ ಮೊದಲು. ಅಣ್ಣಾಸಾಬ ಟಾವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಯಾರಿಗೂ ಹೇಳದೆ ಹೊರಟುಹೋದ. ಅಕ್ಕುತಾಯಿ ಉಳಿದ ದುಡ್ಡನ್ನು ಸಾವಕಾರರ ಮುಂದಿನ ಕಟ್ಟೆಯ ಮೇಲೆ ಇಟ್ಟಳು. ನಾವೆಲ್ಲ ಮಡಚಿದ ಬೆರಳು ಬಿಚ್ಚಿ, ಮಷೀನಿಗೆ ಹಗ್ಗ ಬಿಗಿದು, ಗಳ ತೂರಿಸಿ, "ಹೈಸಾ" ಎಂದು ಎತ್ತಿದೆವು. ಎದ್ದಿತು.

ಮಾಯಪ್ಪ ಗಳಕ್ಕೆ ಹೆಗಲು ಕೊಡಲು ಬರಲಿಲ್ಲ. ಸಾವಕಾರರ ಎದುರಿಗೇ ನಿಂತಿದ್ದ. ಬಲಗೈ ಮುಂದೆ ಚಾಚಿದ್ದ. ಮೇಲೆ ಟಾವೆಲ್ ಇರಲಿಲ್ಲ, ಆ ಎರಡು ಮೋಟು ಬೆರಳು ಹಾಡುಹಗಲಲ್ಲಿ ಎಲ್ಲರಿಗೂ ಕಾಣುತ್ತಿದ್ದವು.

"ಮಶೀನದ ವ್ಯವಹಾರ ಮುಗೀತ್ರಿ" ಎಂದ. "ಮಶೀನ ತಿಂದ ಈ ಎರಡ ಬೆರಳಿನ ರೇಟ ಉಳದೈತ್ರಿ. ವರ್ಷಗಟ್ಟಲೆ ಮುರಕೊಂಡ ಎರಡ ಪಾಲ ಪಗಾರದ್ದೂ ಉಳದೈತಿ. ಅದನ್ನೂ ಹೇಳ್ರಿ. ಟಾವೆಲ್ ಬ್ಯಾಡ್ರಿ. ಎಲ್ಲಾರಿಗೂ ಕೇಳೂ ಹಂಗ ಹೇಳ್ರಿ."

ಸಾವಕಾರರು ಧೋತರದ ಚುಂಗಿನಿಂದ ಅಂಗೈಯ ಹಸಿರು ಬಣ್ಣ ಒರೆಸಿಕೊಳ್ಳತೊಡಗಿದರು. ಅದು ಹೋಗಲಿಲ್ಲ, ಧೋತರಕ್ಕೂ ಹತ್ತಿತು.

ನಾವು ಎತ್ತಿದ ಮಷೀನನ್ನು ಮೆಲ್ಲಗೆ ಮತ್ತೆ ಅಲ್ಲೇ ಇಳಿಸಿ, ಅದರ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಒರೆಸಿಕೊಳ್ಳಲಿ, ಸಾವಕಾಶ ಒರೆಸಿಕೊಂಡು ಹೇಳಲಿ. ನಮಗೇನು ಅವಸರ? ನಾಳೆಯಿಂದ ಬರಬೇಡಿ ಎಂದು ನಮಗೆ ಪುರುಸೊತ್ತು ಕೊಟ್ಟವರು ಅವರೇ.