ಸ್ಕೂಟರ್ ಪರೀಕ್ಷೆಗೆ ಕಬಡ್ಡಿಯ ಪಾಠ

ನ್ಯಾಲ್ಕಲ್‌ನ ಬಸವೇಶ್ವರಿಯ ತವರು ನಾರಾಯಣಖೇಡ್. ಅಲ್ಲಿ ಅಣ್ಣನ ಮನೆಯಲ್ಲಿರುವ ಅವ್ವನಿಗೆ ಈಗ ಕಿವಿ ಕೇಳುವುದಿಲ್ಲ. ಫೋನ್ ಮಾಡಿ ಉಪಯೋಗವಿಲ್ಲ. ಎದುರಿಗೆ ಕೂತು, ಕೈ ಹಿಡಿದೇ ಮಾತಾಡಬೇಕು. ಜೀಪು, ಬಸ್ಸು ಹಿಡಿದು ಹೋಗಿಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಅದಕ್ಕೇ ಬಸವೇಶ್ವರಿ ಸ್ಕೂಟರ್ ಕಲಿತಳು. ಆದರೆ ಜಹೀರಾಬಾದಿನಲ್ಲಿ ಲೈಸೆನ್ಸ್ ಪರೀಕ್ಷೆಯ ದಿನ ಎಲ್ಲರೂ ನೋಡುತ್ತಿದ್ದಂತೆ ಕೈ ನಡುಗಿತು. ತಿರುವಿನಲ್ಲಿ ಕಾಲು ನೆಲಕ್ಕೆ ತಾಗಿ ಫೇಲಾದಳು.

ಸಂಜೆ ತೊಗರಿ ಹಸನು ಮಾಡುತ್ತ ಕೂತವಳ ಕಣ್ಣು ತುಂಬಿತ್ತು. "ಅವ್ವ ಬಾಗಲಾಗೇ ಕುಂತು ದಾರಿ ನೋಡ್ತಾಳ."

"ಅಂಜೋರಿಗಿ ಗಾಡಿ ಯಾಕ? ಬಿಟ್ಟುಬಿಡು," ಎಂದರು ಅತ್ತೆ ಶಕುಂತಲಾಬಾಯಿ.

ಪಕ್ಕದ ಮನೆಯ ಭವಾನಿ ಅಲ್ಲೇ ಇದ್ದಳು. ಹಿಂದೆ ಕಬಡ್ಡಿ ಆಡಿದವಳು. ಈಗ ಊರಿನ ಹುಡುಗಿಯರಿಗೆ ಕಲಿಸುತ್ತಾಳೆ.

"ಕಾಕಿ, ಎದುರಿನವರ ಅಂಗಳಕ್ಕ ರೇಡಿಗಿ ಹೋಗೋ ಮೊದಲ ನನ್ನ ಕಾಲೂ ನಡಗತಿದ್ದವು. ಅಂಜಿಕಿ ಹೋಗಲಿಲ್ರಿ. ಅಂಜಿಕಿ ಇದ್ರೂ ಆಡಾಕ ಕಲಿತೆ."

"ಹೆಂಗ?" ಎಂದಳು ಬಸವೇಶ್ವರಿ.

"ಉಸಿರು ಮೆಲ್ಲಗ ತಗೊ ಅಕ್ಕಾ, ಅದಕ್ಕಿಂತ ಮೆಲ್ಲಗ ಬಿಡು. ಕಣ್ಣು ಮುಚ್ಚಿ ಆ ತಿರುವಿನಾಗ ಮನಸಿನಾಗೇ ಗಾಡಿ ಓಡಿಸು. ಒಂದು ಮಾತು ಹಿಡಕೊ, ಅದನ್ನೇ ಅನ್ನು. ತಪ್ಪಿದ್ರ ತಪ್ಪಲಿ, ಮುಂದಿಂದು ನೋಡು."

"ಅದು ಆಟ. ಸಂಸಾರ ಆಟ ಅಲ್ಲ," ಎಂದರು ಅತ್ತೆ.

"ಎಲ್ಲಿದ್ರೂ ಎದಿ ಬಡಿಯೋದು ಒಂದೇ ನಮೂನಿ ಅಲ್ರಿ ಕಾಕಿ?"

ಜನರೆದುರು ಓಡಿಸುವುದು ರೂಢಿಯಾಗಲೆಂದು ಮರುದಿನದಿಂದ ಭವಾನಿ ತನ್ನ ಹುಡುಗಿಯರನ್ನು ಮೈದಾನದ ಸುತ್ತ ನಿಲ್ಲಿಸಿದಳು. ಅವರು ಕೂಗುತ್ತಿದ್ದರು, ನಗುತ್ತಿದ್ದರು. ಅವರ ನಡುವೆಯೇ ಬಸವೇಶ್ವರಿ ಗಾಡಿ ತಿರುಗಿಸಿದಳು. "ಮುಂದ ನೋಡು" ಎಂಬುದೇ ಅವಳ ಮಾತಾಯಿತು.

ಮತ್ತೆ ಪರೀಕ್ಷೆ ಬಂತು. ಮತ್ತೆ ಕೈ ನಡುಗಿತು. ಉಸಿರನ್ನು ನಿಧಾನವಾಗಿ ಬಿಟ್ಟು ಹೊರಟಳು. ತಿರುವಿನಲ್ಲಿ ಗಾಡಿ ಒಮ್ಮೆ ಹೊಯ್ದಾಡಿತು. "ಮುಂದ ನೋಡು," ಎಂದುಕೊಂಡಳು. ಈ ಸಲ ಕಾಲು ನೆಲಕ್ಕೆ ತಾಗಲಿಲ್ಲ.

ಲೈಸೆನ್ಸ್ ಕೈಗೆ ಬಂದಮೇಲೆ ನಾರಾಯಣಖೇಡಕ್ಕೆ ಹೋದಳು. ಹೆಲ್ಮೆಟ್ ತೆಗೆಯುವತನಕ ಅವ್ವನಿಗೆ ಗುರುತು ಸಿಗಲಿಲ್ಲ. ಆಮೇಲೆ ಮಗಳ ಕೆನ್ನೆ ಸವರಿ, "ಒಬ್ಬಾಕಿನೇ ಬಂದೀಯೇನು?" ಎಂದಳು. ಬಸವೇಶ್ವರಿ ತಲೆಯಾಡಿಸಿದಳು. ಇಬ್ಬರೂ ಬಹಳ ಹೊತ್ತು ಕೈ ಬಿಡಲಿಲ್ಲ.

ಅದನ್ನೆಲ್ಲ ಕೇಳಿದ ಶಕುಂತಲಾಬಾಯಿ ಭವಾನಿಯನ್ನು ಕರೆದರು. "ಮಹಿಳಾ ಸಂಘದಾಗ ಮಾತಾಡಾಕ ನಿಂತ್ರ ನನಗ ಹೇಳಬೇಕಂದಿದ್ದೆಲ್ಲ ಮರತು ಹೋಗತದ. ನನಗೂ ಹೇಳಿಕೊಡವ್ವ."

ಅಕ್ಕಂದಿರೇ, ಅಣ್ಣಂದಿರೇ, ಎದೆ ಬಡಿದುಕೊಂಡರೆ ನೀವು ಕೈಲಾಗದವರೆಂದು ಅರ್ಥವಲ್ಲ. ಉಸಿರು ನಿಧಾನಿಸಿ, ಮನಸ್ಸಿನಲ್ಲೊಮ್ಮೆ ಮಾಡಿ ನೋಡಿ, ನಾಲ್ಕು ಜನರೆದುರು ಅಭ್ಯಾಸ ಮಾಡಿ. ಅಂಜಿಕೆ ನಿದ್ದೆ, ಊಟ ಕೆಡಿಸುವಷ್ಟಾದರೆ ಹತ್ತಿರದ ಆಸ್ಪತ್ರೆಯಲ್ಲಿ ನಾಚದೆ ಹೇಳಿ. ನೀವು ಹೋಗಬೇಕೆಂದು ಹಂಬಲಿಸುವ ಕಡೆಗೆ ಇಂದೇ ಹೊರಡಿ.