ಬಂದೂಕಿಗೊಂದು ಬೀರು

ಅಮೆರಿಕದಲ್ಲಿ ಬಂದೂಕಿನ ವಿಷಯ ಎತ್ತುವುದೆಂದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ವಾಷಿಂಗ್ಟನ್ನಿನಲ್ಲಿ ಕೂತ ದೊಡ್ಡವರು ಅದೇ ಮಾತನ್ನು ವರ್ಷಗಟ್ಟಲೆ ಅಗಿಯುತ್ತಾರೆ. ಎಲ್ಲೋ ಒಂದು ಶಾಲೆಯಲ್ಲಿ ಗುಂಡು ಹಾರಿದಾಗ ಒಂದು ವಾರ ಗದ್ದಲ, ಆಮೇಲೆ ಎಲ್ಲ ತಣ್ಣಗೆ. ಹೀಗಿರುವಾಗ ವರ್ಮಾಂಟ್ ರಾಜ್ಯದ ಗುಡ್ಡಗಳ ನಡುವಿನ ವೆಸ್ಟ್ ಹಾರ್ಲೋ ಎಂಬ ಒಂಬೈನೂರು ಜನರ ಊರಿನಲ್ಲಿ, ಶಾಲೆಯ ಬಸ್ಸು ಓಡಿಸುವ ಎಡ್ನಾ ಪೆಲ್ಕಿ ಆ ಗೂಡಿಗೆ ಕೈಯನ್ನೇ ಹಾಕಿದಳು.

ಅವಳು ಕೇಳಿದ್ದು ಒಂದು ಬೀರು. ಅಗ್ನಿಶಾಮಕ ಠಾಣೆಯಲ್ಲಿ ಬೀಗ ಹಾಕುವ ಒಂದು ಉಕ್ಕಿನ ಬೀರು ಇರಲಿ. ಮನೆಯಲ್ಲಿ ಬಂದೂಕು ಇರುವುದು ಸದ್ಯಕ್ಕೆ ಒಳ್ಳೆಯದಲ್ಲ ಅಂತ ಯಾರಿಗಾದರೂ ಅನ್ನಿಸಿದರೆ ತಂದು ಇಡಲಿ. ಯಾಕೆ ಅಂತ ಯಾರೂ ಕೇಳಬಾರದು, ಹೆಸರು ಎಲ್ಲಿಗೂ ಕಳಿಸಬಾರದು, ಮನಸ್ಸು ಸರಿಹೋದಾಗ ವಾಪಸು ಕೊಡಬೇಕು. ಮಾರ್ಚ್ ತಿಂಗಳ ಮೊದಲ ಮಂಗಳವಾರ ಸೇರುವ ಊರ ಸಭೆಯ ಪಟ್ಟಿಯಲ್ಲಿ ಇದು ಹದಿನಾಲ್ಕನೇ ಗೊತ್ತುವಳಿಯಾಗಿ ಅಚ್ಚಾಯಿತು.

ಅಚ್ಚಾದದ್ದೇ ತಡ, ಊರು ಎರಡು ಹೋಳಾಯಿತು. ಬೇಟೆಗಾರರ ಸಂಘದ ನಾರ್ಮನ್ ಗೋಕಿ ಅಂಗಡಿ ಮುಂದೆ ನಿಂತು ಬಂದವರಿಗೆಲ್ಲ ಹೇಳುತ್ತಿದ್ದ: "ಇವತ್ತು ಬೀರು, ನಾಳೆ ಪಟ್ಟಿ, ನಾಡಿದ್ದು ಪೊಲೀಸು ಬಾಗಿಲಿಗೆ. ಬೇಕಾದ್ರೆ ಬರೆದಿಟ್ಕೊಳ್ಳಿ."

"ನಾರ್ಮನ್, ಹೋದ ವರ್ಷ ಜಿಂಕೆ ಹೊಡೆದಿದ್ದು ನಾನು, ನೀನಲ್ಲ. ನಿನ್ನ ಬಂದೂಕು ಪೊಲೀಸರಿಗೆ ಯಾಕಪ್ಪಾ ಬೇಕು, ಅದರಿಂದ ಏನೂ ಸಾಯಲ್ವಲ್ಲ," ಅಂದಿದ್ದಳು ಎಡ್ನಾ. ಅಂಗಡಿಯವರು ನಕ್ಕರು, ನಾರ್ಮನ್ನೂ ನಕ್ಕ. ಆದರೆ ಅವನ ಹಟ ಒಂದಿಂಚೂ ಕದಲಲಿಲ್ಲ.

ಎಡ್ನಾಳಿಗೆ ಇದು ಹಟದ ಮಾತಾಗಿರಲಿಲ್ಲ. ಎರಡು ವರ್ಷದ ಹಿಂದೆ ನವೆಂಬರಿನಲ್ಲಿ ಅವಳ ಮಗ ಲೈಲ್ ತನ್ನದೇ ಬಂದೂಕಿನಿಂದ ಹೋದ. ಇಪ್ಪತ್ತಾರು ವರ್ಷ. ಮಣ್ಣು ಮಾಡಿದ ಮುಂದಿನ ವಾರ ಅಗ್ನಿಶಾಮಕ ದಳದ ಮುಖ್ಯಸ್ಥ ಬರ್ಟ್ ಹಂಟೂನ್ ಅವಳ ಅಡುಗೆಮನೆಗೆ ಬಂದು ಕೂತ. ಲೈಲ್ ಸಾಯುವ ನಾಲ್ಕು ದಿನ ಮುಂಚೆ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಠಾಣೆಗೆ ಬಂದಿದ್ದನಂತೆ. ಸ್ವಲ್ಪ ದಿನ ಇಟ್ಕೊಳ್ತೀಯಾ ಅಂತ ಕೇಳಿದ್ದನಂತೆ. ಠಾಣೆಯಲ್ಲಿ ಬಂದೂಕಿಡಲು ನಿಯಮ ಇಲ್ಲ ಕಣಪ್ಪ ಅಂತ ಬರ್ಟ್ ವಾಪಸು ಕಳಿಸಿದ್ದನಂತೆ. ಇಷ್ಟು ಹೇಳಿ ಆ ಆರಡಿ ಗಂಡಸು ಮೇಜಿನ ಮೇಲೆ ತಲೆಯಿಟ್ಟು ಅತ್ತ. ಎಡ್ನಾ ಅವನಿಗೆ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಆದರೆ ಆ ಮಾತು ಅವಳ ಬಾಯಿಂದ ಮೂರನೆಯವರ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಊರು ಬರ್ಟ್‌ನನ್ನು ಹರಿದು ತಿನ್ನುತ್ತಿತ್ತು.

ಸಭೆಯ ದಿನ ಬೆಳಿಗ್ಗೆ ಶಾಲೆಯ ದೊಡ್ಡ ಹಾಲಿನಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಮುದುಕ ಮುದುಕಿಯರನ್ನು ಎಡ್ನಾ ಬಸ್ಸಿನಲ್ಲಿ ತಂದು ಇಳಿಸಿದ್ದಳು. ಅಧ್ಯಕ್ಷೆಯ ಕುರ್ಚಿಯಲ್ಲಿ ಆಲ್ಡ್ರಿಚ್ ಮೇಡಂ. ಊರಿನ ಮುಕ್ಕಾಲು ಜನಕ್ಕೆ ಲೆಕ್ಕ ಕಲಿಸಿದ ಆಕೆಯ ಮುಂದೆ ಅರವತ್ತರ ಗಂಡಸರೂ ಚೂಯಿಂಗ್ ಗಮ್ ನುಂಗಿ ಕೂರುತ್ತಾರೆ.

ಸಭೆ ಶುರುವಾಗುತ್ತಲೇ ನಾರ್ಮನ್ ಎದ್ದ. "ಅಧ್ಯಕ್ಷರೇ, ಹದಿನಾಲ್ಕನೇದು ಜಗಳದ ವಿಷಯ. ಅದನ್ನ ಎಲ್ಲಕ್ಕಿಂತ ಕೊನೆಗೆ, ಉಪ್ಪಿನ ವಿಷಯಕ್ಕಿಂತ ಸ್ವಲ್ಪ ಮುಂಚೆ ಹಾಕೋಣ." ಹಿಮ ಬಿದ್ದ ರಸ್ತೆಗೆ ಉಪ್ಪು ಚೆಲ್ಲುವ ವಿಷಯ ಪ್ರತಿವರ್ಷ ಸಭೆಯ ಬಾಲ. ಕೈಗಳು ಎದ್ದವು, ಮಾತು ಪಾಸಾಯಿತು. ನಾರ್ಮನ್ನನ ಲೆಕ್ಕ ಎಡ್ನಾಳಿಗೆ ಅರ್ಥವಾಯಿತು: ಊಟವಾದ ಮೇಲೆ ಅವಳ ಕಡೆಯ ವಯಸ್ಸಾದವರು ತೂಕಡಿಸಿ ಮನೆ ಸೇರುತ್ತಾರೆ, ಅವನ ಗಂಡಸರು ಗಟ್ಟಿಯಾಗಿ ಕೂತಿರುತ್ತಾರೆ.

ಮೇಲಿರುವವನ ಲೆಕ್ಕ ಬೇರೆಯೇ ಇತ್ತು. ಮಧ್ಯಾಹ್ನ, ಹುರುಳಿಕಾಯಿ ಹಂದಿಮಾಂಸದ ಊಟ ಮುಗಿದು ಆಪಲ್ ಪೈ ಹಂಚುವ ಹೊತ್ತಿಗೆ, ಮೂರು ವಾರದಿಂದ ಮುಖ ತೋರಿಸದ ಸೂರ್ಯ ಬಂದ. ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕತೊಡಗಿತು. ಮೇಪಲ್ ಮರದ ರಸ ಕಾಯಿಸಿ ಬೆಲ್ಲ ಮಾಡುವವರು, ಹೆಚ್ಚಿನವರು ನಾರ್ಮನ್ನನ ಕಡೆಯವರೇ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾತ್ರಿ ಹೆಪ್ಪುಗಟ್ಟಿ ಹಗಲು ಬಿಸಿಲಾದರೆ ಮರದಲ್ಲಿ ರಸ ಓಡುತ್ತದೆ; ಓಡಿದ ರಸವನ್ನು ಆವತ್ತೇ ಕಾಯಿಸಬೇಕು. ಒಬ್ಬ ಟೋಪಿ ಹಾಕಿಕೊಂಡು ಎದ್ದ, ಅವನ ಹಿಂದೆ ಮತ್ತೊಬ್ಬ. ಎರಡು ಗಂಟೆಯ ಹೊತ್ತಿಗೆ ನಾರ್ಮನ್ನನ ಕಡೆಯ ಬೆಂಚುಗಳು ಅರ್ಧಕ್ಕೂ ಹೆಚ್ಚು ಖಾಲಿಯಾಗಿದ್ದವು. ಮುದುಕಿಯರೋ, ಪೈ ತಿಂದು ಕಾಫಿ ಕುಡಿದು ಇನ್ನೂ ಚುರುಕಾಗಿದ್ದರು. ನಾರ್ಮನ್ ತಾನೇ ತೋಡಿದ ಗುಂಡಿಗೆ ಬಿದ್ದು ಕಿಟಕಿಯಾಚೆ ನೋಡುತ್ತಿದ್ದ.

ಪಕ್ಕದಲ್ಲಿ ಕೂತಿದ್ದ ಪ್ರಿಸಿಲ್ಲಾ ಎಡ್ನಾಳ ತೊಡೆ ತಿವಿದಳು. ಬಾಸ್ಟನ್ನಿನಿಂದ ಬಂದು ಊರಲ್ಲಿ ನೆಲೆಸಿ ಆರು ವರ್ಷವಾದ ಹೆಂಗಸು. ಒಳ್ಳೆಯವಳೇ, ಆದರೆ ಬಾಯಿ ಬಿಟ್ಟರೆ ದೇಶದ ಬಂದೂಕನ್ನೆಲ್ಲ ಕರಗಿಸಿ ನೇಗಿಲು ಮಾಡಬೇಕು ಅನ್ನುವವಳು. "ಎಣಿಸಿದೆ. ನಾವು ನಲವತ್ತು, ಅವರು ಇಪ್ಪತ್ತು. ಗೆದ್ವಿ, ಎಡ್ನಾ."

ಎಡ್ನಾ ಖಾಲಿ ಬೆಂಚುಗಳನ್ನು ನೋಡಿದಳು. ಎರಡು ವರ್ಷದಿಂದ ಕಾದ ಗೆಲುವು ಕಾಲ ಬುಡಕ್ಕೆ ಬಂದು ಬಿದ್ದಿತ್ತು. ಈ ಮುದುಕಿಯರು ಬೀರು ಪಾಸು ಮಾಡಬಹುದು. ಆದರೆ ಬೀರಿಗೆ ಬಂದೂಕು ತರಬೇಕಾದವರು ಈಗ ಗುಡ್ಡದ ಮೇಲೆ ಬೆಂಕಿ ಉರಿಸುತ್ತಿದ್ದಾರೆ. ನಾವಿಲ್ಲದಾಗ ಹೆಂಗಸರು ಸೇರಿ ಕದ್ದು ಪಾಸು ಮಾಡಿದರು ಅಂತ ಒಂದು ಸಲ ಅವರ ತಲೆಗೆ ಹೊಕ್ಕಿತೋ, ಆ ಬೀರಿನ ಹತ್ತಿರ ಒಬ್ಬನೂ ಸುಳಿಯುವುದಿಲ್ಲ. ಬೀರು ಖಾಲಿ ಇರುತ್ತದೆ, ಇನ್ನೊಬ್ಬ ಲೈಲ್ ಮನೆಯಲ್ಲೇ ಕೂತಿರುತ್ತಾನೆ.

ಅವಳು ಎದ್ದಳು. "ಅಧ್ಯಕ್ಷರೇ, ಒಂದು ಗಂಟೆ ಬಿಡುವು ಬೇಕು. ಬೆಲ್ಲದವರನ್ನ ನಾನೇ ಹೋಗಿ ಕರ್ಕೊಂಡು ಬರ್ತೀನಿ."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದೆಂದರೆ ಇದೇ ಅಂತ ಎಲ್ಲರಿಗೂ ಅನ್ನಿಸಿರಬೇಕು.

"ಅಧ್ಯಕ್ಷರೇ, ಇದರಲ್ಲಿ ಏನೋ ಕಿತಾಪತಿ ಇದೆ," ಅಂದ ನಾರ್ಮನ್.

"ಏನ್ ಕಿತಾಪತಿ ನಾರ್ಮನ್? ನಿನ್ನ ಕಡೆಯವರನ್ನೇ ತರ್ತೀನಿ ಅಂತಿದಾಳೆ," ಅಂದರು ಮೇಡಂ. "ಮೂರೂ ಕಾಲಿಗೆ ಸಭೆ ಮತ್ತೆ ಸೇರುತ್ತೆ."

ಪ್ರಿಸಿಲ್ಲಾ ಬಸ್ಸಿನವರೆಗೂ ಬೈದುಕೊಂಡೇ ಬಂದು, ಬೈದುಕೊಂಡೇ ಹತ್ತಿದಳು. ಕೆಸರು ರಸ್ತೆಯಲ್ಲಿ ಬಸ್ಸು ಏದುಸಿರು ಬಿಡುತ್ತಾ ಗುಡ್ಡ ಹತ್ತಿತು. ಎಡ್ನಾ ಒಂದೊಂದು ಆಲೆಮನೆಯ ಮುಂದೆಯೂ ನಿಲ್ಲಿಸಿ, ಮಕ್ಕಳಿಗೆ ಒತ್ತುವ ಹಾರನ್ನನ್ನೇ ಒತ್ತಿದಳು. "ವಿರೋಧವಾಗಿ ವೋಟು ಹಾಕಿ ಬೇಕಾದ್ರೆ. ಆದ್ರೆ ಬಂದು ಹಾಕಿ." ಹೆಂಡತಿ, ಮಗಳು, ಅತ್ತೆ, ಯಾರಿದ್ದರೋ ಅವರಿಗೆ ಬೆಂಕಿ ಒಪ್ಪಿಸಿ ಗಂಡಸರು ಗೊಣಗುತ್ತಾ ಹತ್ತಿದರು. ಹುಡುಗರಾಗಿದ್ದಾಗ ಶಾಲೆಗೆ ಹೋದ ಈ ಬಸ್ಸಿನಲ್ಲಿ ಅವಳ ಮಾತು ಮೀರಿ ಅವರಿಗೆ ಅಭ್ಯಾಸವೇ ಇರಲಿಲ್ಲ.

ಕೊನೆಯದು ಡೀನ್ ಲಫ್ಲಾಮ್‌ನ ಆಲೆಮನೆ. ನಲವತ್ತರ ಗಂಡಸು, ಒಂಟಿ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಎರಡು ತಿಂಗಳಾಗಿತ್ತು. ಅಂಗಡಿ ಮುಂದೆ ನಾರ್ಮನ್ನನಿಗಿಂತ ಜೋರಾಗಿ ಕೂಗಾಡಿದವನು ಅವನೇ. ಹಬೆಯ ನಡುವಿನಿಂದ ಅವನ ಕೆಂಪು ಮುಖ ಹೊರಬಂತು.

"ಬರಕ್ಕಾಗಲ್ಲ. ಕೊಪ್ಪರಿಗೆ ಬಿಟ್ರೆ ಪಾಕ ಸೀದು ಹೋಗುತ್ತೆ. ನಮ್ಮನೇಲಿ ಇನ್ಯಾರಿದಾರೆ ನೋಡ್ಕೊಳ್ಳೋಕೆ?"

ಎಡ್ನಾ ಹಿಂದೆ ತಿರುಗಿದಳು. "ಪ್ರಿಸಿಲ್ಲಾ, ಇಳಿ."

"ನಾನಾ? ನಂಗೆ ಬೆಲ್ಲದ್ದು ಏನೂ ಗೊತ್ತಿಲ್ಲ. ಮತ್ತೆ ನನ್ನ ವೋಟು?"

"ನಿನ್ನ ವೋಟಿಗಿಂತ ಇವನ ವೋಟು ನಂಗೆ ಮುಖ್ಯ. ನೊರೆ ಉಕ್ಕಿದ್ರೆ ಒಂದು ಚೂರು ಬೆಣ್ಣೆ ಹಾಕು, ಇಳಿಯುತ್ತೆ. ಕಟ್ಟಿಗೆ ತುಂಬ್ತಾ ಇರು."

ಪ್ರಿಸಿಲ್ಲಾ ಬಾಯಿ ತೆರೆದಳು, ಎಡ್ನಾಳ ಮುಖ ನೋಡಿ ಮುಚ್ಚಿದಳು, ಒಳ್ಳೆಯ ಬೂಟಿನಲ್ಲೇ ಕೆಸರಿಗೆ ಇಳಿದಳು. ಡೀನ್ ಅವಳ ಕೈಗೆ ಜಾಲರಿ ಸೌಟು ಕೊಟ್ಟು, "ಸೀದ್ರೆ ನಿನ್ನ ತಲೆ ಮೇಲೆ ಸುರೀತೀನಿ," ಅಂದ. ಬಸ್ಸಿನಲ್ಲಿದ್ದ ಇಪ್ಪತ್ತಮೂರು ಗಂಡಸರು ಘೊಳ್ಳೆಂದರು.

ಸಭೆ ಮತ್ತೆ ಸೇರಿದಾಗ ಹಾಲಿನ ತುಂಬ ಹೊಗೆ ಮತ್ತು ಬೆಲ್ಲದ ವಾಸನೆ. ಬೆಂಚು ತುಂಬಿದ್ದು ಕಂಡು ನಾರ್ಮನ್ನನಿಗೆ ಜೀವ ಬಂತು. ಎದ್ದು ನಿಂತು ಹತ್ತು ನಿಮಿಷ ಮಾತಾಡಿದ. ಸಂವಿಧಾನ, ತಾತ ಕೊಟ್ಟ ಬಂದೂಕು, ವಾಷಿಂಗ್ಟನ್ನಿನ ಕಳ್ಳರು, ಎಲ್ಲ ಬಂತು. ಕೊನೆಗೆ ದನಿ ಇಳಿಸಿ ಹೇಳಿದ:

"ಅಧ್ಯಕ್ಷರೇ, ಎಡ್ನಾಳ ಸಂಕಟ ನಮಗೆಲ್ಲ ಗೊತ್ತು. ಆದ್ರೆ ನಿಜ ಹೇಳ್ಬೇಕು. ಈ ಊರಿನ ಯಾವ ಗಂಡಸೂ ತನ್ನ ಬಂದೂಕು ತಾನೇ ಹೊತ್ಕೊಂಡು ಹೋಗಿ, ನಂಗೆ ನನ್ನ ಮೇಲೇ ನಂಬಿಕೆ ಇಲ್ಲ ಅಂತ ಇನ್ನೊಬ್ಬನ ಕೈಗೆ ಕೊಡಲ್ಲ. ಒಬ್ಬನೂ ಕೊಡಲ್ಲ. ಖಾಲಿ ಬೀರಿಗೆ ಯಾಕೆ ದುಡ್ಡು?"

ಬೆಲ್ಲದವರು ತಲೆಯಾಡಿಸಿದರು, ಡೀನ್ ಎಲ್ಲರಿಗಿಂತ ಜೋರಾಗಿ. ಮೇಡಂ ಎಡ್ನಾಳ ಕಡೆ ನೋಡಿದರು.

ಉತ್ತರ ಎಡ್ನಾಳ ನಾಲಿಗೆಯ ತುದಿಯಲ್ಲೇ ಇತ್ತು. ಒಬ್ಬ ಕೊಡಲು ಹೋಗಿದ್ದ. ನನ್ನ ಮಗ. ಅಷ್ಟು ಅಂದಿದ್ದರೆ ಸಾಕಿತ್ತು, ಆದರೆ ಯಾರ ಕೈಗೆ ಅಂತ ಮುಂದಿನ ಪ್ರಶ್ನೆ ಬರುತ್ತಿತ್ತು. ಬರ್ಟ್ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ. ಅವಳು ಆ ಕಡೆ ತಿರುಗಲಿಲ್ಲ. ಸೋತರೂ ಸೈ, ಇನ್ನೊಬ್ಬನನ್ನು ಬಲಿ ಕೊಟ್ಟು ಗೆಲ್ಲುವುದು ಬೇಡ ಅಂತ ಹಲ್ಲು ಕಚ್ಚಿದಳು. "ನಾನು ಹೇಳೋದೆಲ್ಲ ಹೇಳಾಗಿದೆ, ಅಧ್ಯಕ್ಷರೇ," ಅಂದು ಕೂತಳು.

"ಅಧ್ಯಕ್ಷರೇ."

ಬರ್ಟ್ ಹಂಟೂನ್. ಇಪ್ಪತ್ತು ವರ್ಷದಿಂದ ಊರ ಸಭೆಯಲ್ಲಿ ಬಾಯಿ ಬಿಡದ ಮನುಷ್ಯ ಗೋಡೆ ಬಿಟ್ಟು ಮುಂದೆ ಬಂದ.

"ಒಬ್ಬ ತಂದಿದ್ದ. ಲೈಲ್ ಪೆಲ್ಕಿ. ಠಾಣೆಗೆ ಬಂದು, ಇಟ್ಕೋ ಬರ್ಟ್ ಅಂದ. ನಿಯಮ ಇಲ್ಲ ಅಂದೆ. ಸರಿ ಬಿಡು ಅಂದ, ಥ್ಯಾಂಕ್ಸ್ ಕೂಡ ಹೇಳ್ದ. ನಾಲ್ಕು ದಿನಕ್ಕೆ ಅವನ ಮನೆಗೆ ಆಂಬುಲೆನ್ಸ್ ತಗೊಂಡು ಹೋದವನೂ ನಾನೇ. ಎಡ್ನಾಗೆ ಎರಡು ವರ್ಷದಿಂದ ಗೊತ್ತು. ನನ್ನ ಮರ್ಯಾದೆ ಉಳಿಸೋಕೆ ಅವಳು ಇವತ್ತು ಕೂಡ ಹೇಳ್ಲಿಲ್ಲ. ಹೇಳಿದ್ರೆ ಗೆಲ್ತಿದ್ಲು."

ಒಬ್ಬ ಮುದುಕಿ ಅಳುತ್ತಿದ್ದಳು. ನಾರ್ಮನ್ ಇನ್ನೂ ನಿಂತೇ ಇದ್ದ. ಅಧ್ಯಕ್ಷರಿಗೆ ಹೇಳಬೇಕೆಂಬ ಪದ್ಧತಿ ಮರೆತು ನೇರ ಬರ್ಟ್‌ನನ್ನೇ ಕೇಳಿದ. "ಲೈಲ್ ತಾನೇ ತಂದಿದ್ನಾ?"

"ತಾನೇ. ಕಂಬಳಿ ಸುತ್ತಿ."

ಮೇಡಂ ಪದ್ಧತಿ ನೆನಪಿಸಲಿಲ್ಲ. ನಾರ್ಮನ್ ನಿಧಾನವಾಗಿ ಕೂತ.

"ಹದಿನಾಲ್ಕನೇ ಗೊತ್ತುವಳಿ. ಒಪ್ಪಿಗೆ ಇರೋರು?"

"ಹೂಂ" ಅಂತ ಎದ್ದ ಕೂಗಿಗೆ ಕಿಟಕಿಯ ಗಾಜು ಅದುರಿತು. ಬೆಲ್ಲದವರ ಬೆಂಚಿನಿಂದಲೇ ಅದು ಹೆಚ್ಚು ದಪ್ಪವಾಗಿ ಬಂತು. ಎಡ್ನಾಳಿಗೆ ತನ್ನ ದನಿ ತನಗೇ ಕೇಳಲಿಲ್ಲ.

"ವಿರೋಧ ಇರೋರು?"

"ನಂದು ವಿರೋಧ," ಅಂದ ನಾರ್ಮನ್, ಒಬ್ಬನೇ, ಸ್ಪಷ್ಟವಾಗಿ. ಇಷ್ಟು ದಿನ ಹೇಳಿದ್ದನ್ನು ಒಂದು ಗಂಟೆಯಲ್ಲಿ ನುಂಗುವ ಜಾತಿಯವನಲ್ಲ ಅವನು.

"ಪಾಸಾಗಿದೆ," ಅಂದರು ಮೇಡಂ. ಆದರೆ ವರ್ಮಾಂಟಿನಲ್ಲಿ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಗೊತ್ತುವಳಿ ಕೈಗೆತ್ತಿಕೊಳ್ಳುವ ತನಕ ಪಾಸಾದದ್ದನ್ನು ಯಾರು ಬೇಕಾದರೂ ಮತ್ತೆ ಕೆದಕಬಹುದು. ಎತ್ತಿಕೊಂಡ ಮೇಲೆ ಆ ಸಭೆಯಲ್ಲಿ ಬ್ರಹ್ಮ ಬಂದರೂ ಆಗುವುದಿಲ್ಲ. ಎರಡನೇ ಸಾಲಿನಲ್ಲಿ ಯಾರೋ ಒಬ್ಬ ಗಂಟಲು ಸರಿಮಾಡಿಕೊಂಡು ಕೈಯೆತ್ತಲು ಹೊರಟಿದ್ದ. ಅಷ್ಟರಲ್ಲಿ ನಾರ್ಮನ್ ಗೋಕಿ ಧಡಕ್ಕನೆ ಎದ್ದ.

"ಅಧ್ಯಕ್ಷರೇ, ತಡ ಮಾಡ್ಬೇಡಿ. ಉಪ್ಪಿನ ವಿಷಯ ತಗೊಳ್ಳಿ."

"ಉಪ್ಪಿನ ವಿಷಯ ತಗೊಂಡಿದೀನಿ," ಅಂದು ಮೇಡಂ ಸುತ್ತಿಗೆ ಬಡಿದರು. ಎತ್ತಲು ಹೊರಟ ಕೈ ಕೆಳಗಿಳಿಯಿತು. ನಾರ್ಮನ್ ಎಡ್ನಾಳ ಕಡೆ ತಿರುಗಲಿಲ್ಲ, ಕಿವಿ ಮಾತ್ರ ಕೆಂಪಗಾಗಿತ್ತು. ಎಡ್ನಾ ಆವತ್ತು ಉಪ್ಪಿನ ಬಗ್ಗೆ ಕಾಲು ಗಂಟೆ ಭಾಷಣ ಮಾಡಿದಳು. ಅವಳಿಗೆ ಅಷ್ಟು ಖುಷಿಯಾಗಿತ್ತು, ಏನಾದರೊಂದು ಮಾತಾಡದೆ ಇರಲಾಗಲಿಲ್ಲ.

ಪ್ರಿಸಿಲ್ಲಾ ಪಾಕ ಸೀಯಿಸಿರಲಿಲ್ಲ. ಹುಬ್ಬು ಸ್ವಲ್ಪ ಸುಟ್ಟುಕೊಂಡಿದ್ದಳು, ಬೆಣ್ಣೆಯನ್ನೆಲ್ಲ ಖಾಲಿ ಮಾಡಿದ್ದಳು.

ಬೀರು ಏಪ್ರಿಲ್‌ನಲ್ಲಿ ಬಂತು. ಅದರೊಳಗೆ ಏನಿದೆ, ಯಾರದ್ದಿದೆ ಅಂತ ಎಡ್ನಾ ಒಂದು ದಿನವೂ ಕೇಳಲಿಲ್ಲ. ಕೇಳಬಾರದು ಅಂತ ಬರೆದವಳೇ ಅವಳು.

ನವೆಂಬರ್, ಜಿಂಕೆ ಬೇಟೆ ಶುರುವಾಗುವ ಹಿಂದಿನ ದಿನ. ಬಸ್ಸಿನ ಬೆಂಕಿ ಆರಿಸುವ ಸಿಲಿಂಡರಿಗೆ ಪರೀಕ್ಷೆಯ ಚೀಟಿ ಹಾಕಿಸಲು ಅವಳು ಠಾಣೆಗೆ ಹೋಗಿದ್ದಳು. ಒಳಗಿನಿಂದ ಡೀನ್ ಲಫ್ಲಾಮ್ ಬಂದೂಕು ಹಿಡಿದು ಹೊರಬಂದ. ನಳಿಗೆಯನ್ನು ಬೆಳಕಿಗೆ ಹಿಡಿದು ಗೊಣಗುತ್ತಿದ್ದ.

"ಆರು ತಿಂಗಳು ಇಟ್ಟಿದೀರಿ, ಒಂದು ಸಲ ಎಣ್ಣೆ ಸವರೋಕೆ ಏನಾಗಿತ್ತು? ನೋಡು, ತುಕ್ಕು ಬರೋಕೆ ಶುರುವಾಗಿದೆ."

"ಬರ್ಟ್‌ಗೆ ಹೇಳು, ನಂಗ್ಯಾಕೆ ಹೇಳ್ತೀಯ," ಅಂದಳು ಎಡ್ನಾ.

ಅವನು ಮೆಟ್ಟಿಲ ಮೇಲೆ ನಿಂತ. "ಮೇ ತಿಂಗಳಲ್ಲಿ ತಂದಿಟ್ಟೆ."

"ನಾನು ಕೇಳಿಲ್ಲ ಕಣೋ."

"ಕೇಳಿಲ್ಲ ಅಂತಾನೇ ಹೇಳ್ತಿರೋದು. ದಾರೀಲಿ ಎರಡು ಸಲ ಗಾಡಿ ವಾಪಸು ತಿರುಗಿಸಿದ್ದೆ. ಮೂರನೇ ಸಲ ಬಂದೆ." ಟೋಪಿ ಸರಿಮಾಡಿಕೊಂಡ. "ನಾಳೆ ಮಕ್ಕಳು ಬರ್ತಾರೆ. ದೊಡ್ಡವಳು ಈ ವರ್ಷ ಬೇಟೆಗೆ ಬರ್ತೀನಿ ಅಂತಿದಾಳೆ."

"ಜಿಂಕೆ ಸಿಕ್ಕಿದ್ರೆ ನಂಗೊಂದು ತೊಡೆ ಕಳ್ಸು."

"ಸಿಕ್ಕಿದ್ರೆ ತಾನೇ," ಅಂದು ಅವನು ಗಾಡಿ ಹತ್ತಿ ಹೊರಟ.

ಗಾಡಿ ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೂ ಎಡ್ನಾ ನೋಡುತ್ತಾ ನಿಂತಳು. ಬಂದೂಕು ಬೀರಿನೊಳಗೆ ಹೋದಾಗ ಗೆದ್ದೆ ಅಂತ ಅನ್ನಿಸುತ್ತದೆ ಅಂದುಕೊಂಡಿದ್ದಳು. ಗೆದ್ದದ್ದು ಅದು ಹೊರಗೆ ಬಂದಾಗ, ಇಟ್ಟವನೇ ಬಂದು ತುಕ್ಕಿಗೆ ಬೈದು ಒಯ್ದಾಗ. ಖಾಲಿ ಬಸ್ಸಿನಲ್ಲಿ ಕೂತು ಅವಳು ನಕ್ಕಳು, ಅತ್ತಳು, ಯಾವುದು ನಗು ಯಾವುದು ಅಳು ಅಂತ ಗೊತ್ತಾಗಲಿಲ್ಲ. "ಒಬ್ಬ ಉಳಿದ ಕಣೋ ಲೈಲ್," ಅಂತ ಗಟ್ಟಿಯಾಗಿಯೇ ಹೇಳಿದಳು. ಆಮೇಲೆ ಕಣ್ಣೊರೆಸಿಕೊಂಡು, ಮಕ್ಕಳನ್ನು ಕರೆತರಲು ಶಾಲೆಯ ಕಡೆ ಬಸ್ಸು ತಿರುಗಿಸಿದಳು.